ಟವೆಲ್ಲಿನ ಕೆಳಗಿನ ಕೈ

ರತ್ನಮ್ಮ ಮರೆತಿರಲಿಲ್ಲ. ಮಾತ್ರೆ ಬಿಟ್ಟವನು ನಾನು.

ಇಷ್ಟು ಹೇಳುವುದಕ್ಕೆ ನನಗೆ ವರ್ಷಗಳೇ ಬೇಕಾದವು. ತಡವಾದದ್ದಕ್ಕೆ ಕಾರಣ ಕೇಳಬೇಡಿ. ಕಾರಣ ಹುಟ್ಟಿಸುವುದೇ ನನ್ನ ಹೊಟ್ಟೆಪಾಡು — ಬಡಕಲು ಕುರಿಗೂ ಒಂದು ಒಳ್ಳೆಯ ಕಾರಣ ಕೊಟ್ಟು ಮಾರಬಲ್ಲೆ. ರತ್ನಮ್ಮ ನನ್ನ ಹೆಂಡತಿ. ಮಾಡದ ತಪ್ಪನ್ನು ಅವಳ ತಲೆಗೆ ಕಟ್ಟಿದೆ. ಬುದ್ಧಿ ಕೆಟ್ಟಿದ್ದಾಗ ಕಟ್ಟಿದ್ದರೆ ಈ ಬರಹ ಬೇಕಿರಲಿಲ್ಲ. ಬುದ್ಧಿ ಮರಳಿ ಬಂದ ಮೇಲೆ ಕಟ್ಟಿದೆ.

ನಾನು ರಾಯದುರ್ಗದ ಕುರಿ ದಲ್ಲಾಳಿ. ಗುಮ್ಮಘಟ್ಟದ ಕಡೆ ಪರರ ಕುರಿ ಕಾಯುತ್ತಿದ್ದವನು ಆಟೋಗಳಿಗೆ ನೇತುಬಿದ್ದು ಸಂತೆಗೆ ಬಂದು, ನಿಂತು ನೋಡಿ, ಬೈಸಿಕೊಂಡು ಕಲಿತೆ. ನನಗೆ ಯಾರೂ ಬುದ್ಧಿ ಹೇಳಲಿಲ್ಲ. ಅದಕ್ಕೇ ಇರಬೇಕು, ಈಗ ಕೇಳದವರಿಗೂ ಹೇಳುತ್ತೇನೆ. ಕುರಿ ಕೊಳ್ಳಲು ಬಂದವರಿಗೆ ನನ್ನ ಮೊದಲ ಮಾತು: ಬಾಯಿ ತೆರೆಸಿ ಹಲ್ಲು ನೋಡದೆ ಕುರಿಯನ್ನು ನಂಬಬೇಡ, ಹಲ್ಲು ನೋಡಿದ ಮೇಲೂ ಅದರ ಮಾಲೀಕನನ್ನು ನಂಬಬೇಡ. ಈ ಮಾತಿನಿಂದ ಹಲವರು ಉದ್ಧಾರವಾಗಿದ್ದಾರೆ. ನಾನು ಮಾತ್ರ ಇದನ್ನು ಸಂತೆಯಲ್ಲಿ ಬಿಟ್ಟು ಬರಲಿಲ್ಲ — ಮನೆಗೂ ತಂದೆ, ಆಸ್ಪತ್ರೆಗೂ ಒಯ್ದೆ.

ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈ, ದಲ್ಲಾಳಿಯ ಕೈ, ಎರಡರ ಮೇಲೆ ಒಂದು ಟವೆಲ್ಲು. ಅದರ ಕೆಳಗೆ ಬೆರಳುಗಳ ಮಾತು. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ; ಹಿಡಿದ ಬೆರಳನ್ನು ಒಮ್ಮೆ ಅದುಮಿದರೆ ಒಪ್ಪಿಗೆ. ಅದುಮಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ, ಹೋದವನಿಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ. ಸುತ್ತ ನಿಂತವರಿಗೆ ಕಾಣುವುದು ನಮ್ಮ ಮುಖ ಒಂದೇ. ಮುಖದಲ್ಲಿ ಏನೂ ಇರಬಾರದು. ನನ್ನ ಮುಖದಲ್ಲಿ ಏನೂ ಇರುತ್ತಿರಲಿಲ್ಲ.

ನನಗೆ ಬೈಪೋಲಾರ್ ಎಂಬ ಕಾಯಿಲೆ ಇದೆ ಎಂದು ಬಳ್ಳಾರಿಯ ಡಾಕ್ಟರಮ್ಮ ಹೇಳುವ ಹೊತ್ತಿಗೆ ನಾನು ಎರಡು ಸಲ ಪೂರ್ತಿ ಕುಸಿದು, ಎರಡು ಸಲ ಆಕಾಶಕ್ಕೆ ಹಾರಿದ್ದೆ. ಕುಸಿದಾಗ ಮುಖ ತೊಳೆಯುವುದೂ ಬೆಟ್ಟ ಹತ್ತಿದಷ್ಟು ಕಷ್ಟ. ಹಾರಿದಾಗ ನಿದ್ದೆ ಬೇಡ, ಊಟ ಬೇಡ, ಇಡೀ ಸಂತೆ ನನ್ನದೇ ಅನ್ನಿಸುತ್ತಿತ್ತು. ಡಾಕ್ಟರಮ್ಮ ಲಿಥಿಯಂ ಮಾತ್ರೆ ಬರೆದುಕೊಟ್ಟರು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಕೇಳದೆ ನಿಲ್ಲಿಸಬಾರದು ಎಂದರು. ಮಾತ್ರೆ ಕೆಲಸ ಮಾಡಿತು. ಇದನ್ನು ಈಗಲೇ ಹೇಳಿಬಿಡುತ್ತೇನೆ — ಮುಂದೆ ನಾನು ಬರೆಯುವುದನ್ನು ಓದಿ ಯಾರಾದರೂ ತಮ್ಮ ಮಾತ್ರೆಯ ಮೇಲೆ ಸಂಶಯಪಟ್ಟಾರು ಎಂಬ ಭಯ ನನಗಿದೆ. ನಾನೂ ಎಲ್ಲರಂತೆ ಉಂಡು, ಮಲಗಿ, ಎದ್ದು ದುಡಿಯುವ ಮನುಷ್ಯನಾದೆ.

ಮಾತ್ರೆಯ ಡಬ್ಬಿ ರತ್ನಮ್ಮನ ಕೈಯಲ್ಲಿತ್ತು. ಅವಳು ಮಡಕಶಿರಾ ಕಡೆಯವಳು, ರೇಷ್ಮೆಹುಳು ಸಾಕುವ ಮನೆಯ ಮಗಳು. ಹುಳುಗಳಿಗೆ ಹೊತ್ತು ತಪ್ಪದೆ ಸೊಪ್ಪು ಹಾಕಿ ಬೆಳೆದವಳು. ರಾಯದುರ್ಗಕ್ಕೆ ಬಂದ ಮೇಲೆ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ಎಷ್ಟೇ ಕೆಲಸವಿರಲಿ, ನನ್ನ ಊಟ ಮುಗಿದ ಕೂಡಲೆ ಮೆಷಿನ್ ನಿಲ್ಲುತ್ತಿತ್ತು. ಅಂಗೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರು. "ತಗಳಿ, ಮೊದ್ಲು ಇದ್ನ ನುಂಗಿ. ಆಮೇಲೆ ನಿಮ್ ಸಂತೆ ಪುರಾಣ."

ಹಾಗೆ ನಡೆದುಕೊಂಡು ಹೋಗುತ್ತಿತ್ತು — ನನ್ನ ಕೈ ನಡುಗಲು ಶುರುವಾಗುವ ತನಕ.

ದೊಡ್ಡ ನಡುಕವಲ್ಲ. ಚಹಾದ ಲೋಟದಲ್ಲಿ ಅಲೆ ಎದ್ದರೆ ಮಾತ್ರ ತಿಳಿಯುವಂಥದ್ದು. ಬೇರೆ ಕಸುಬಿನವನಾಗಿದ್ದರೆ ಲೆಕ್ಕಕ್ಕೇ ಇರುತ್ತಿರಲಿಲ್ಲ. ಆದರೆ ನನ್ನ ಅಂಗಡಿ, ನನ್ನ ನಾಲಿಗೆ, ನನ್ನ ಮರ್ಯಾದೆ ಎಲ್ಲವೂ ಆ ಐದು ಬೆರಳು. ಒಂದು ಸಂತೆಯ ದಿನ ಬಾಷಾಭಾಯಿ ನನ್ನ ಕೈ ಹಿಡಿದಿದ್ದ. ಅವನು ಮಾಂಸದ ವ್ಯಾಪಾರಿ, ಬಹಳ ವರ್ಷದ ಗಿರಾಕಿ. ಗುಮ್ಮಘಟ್ಟದ ಒಬ್ಬ ಕುರುಬನ ಮಂದೆಗೆ ಬೆಲೆ ನಡೆಯುತ್ತಿತ್ತು. ಬಾಷಾಭಾಯಿ ಕಡಿಮೆ ಬೆಲೆಗೆ ಬೆರಳು ಹಿಡಿದ. ಕೈ ಕೊಡವಿ ಆಗದು ಎನ್ನಬೇಕೆಂದಿದ್ದೆ — ಅಷ್ಟರಲ್ಲಿ ಬೆರಳು ನಡುಗಿತು. ಅದು ಅವನಿಗೆ ಅದುಮಿದಂತೆ ತಿಳಿಯಿತು.

"ಆತು ಬಿಡ್ರಿ ತಿಪ್ಪೇಸ್ವಾಮಣ್ಣ, ಮುಗೀತು!" ಎಂದು ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. ಹಾಗೇ ನನ್ನ ಕಡೆ ಬಗ್ಗಿ, ನಗುತ್ತ, "ಯಾಕ್ರಿ, ಇವತ್ತು ಕೈಗೆ ಚಳಿ ಹತ್ತೈತೇನು?" ಎಂದ.

ಅದು ಒಪ್ಪಿಗೆಯಲ್ಲ, ಕಾಯಿಲೆಯ ಮಾತ್ರೆ ಕೊಟ್ಟ ನಡುಕ ಎಂದು ಹೇಳಬಹುದಿತ್ತು. ಹೇಳಿದರೆ ಸಂಜೆಯೊಳಗೆ ಇಡೀ ಸಂತೆಗೆ ನಾನು ತಲೆಯ ಮಾತ್ರೆ ನುಂಗುವವನು. ನಾನು ಮುಖದಲ್ಲಿ ಏನೂ ತೋರಿಸದೆ ಕುರುಬನ ಕಡೆ ತಿರುಗಿ, "ಇವತ್ತು ಸಂತಿ ಬಿದ್ದೈತಪ್ಪ, ಇಷ್ಟೇ" ಎಂದೆ. ಅವನು ನಂಬಿದ. ನಾನು ಹೇಳಿದ್ದನ್ನು ಎಲ್ಲರೂ ನಂಬುತ್ತಿದ್ದರು.

ಮುಂದಿನ ಸಲ ಬಳ್ಳಾರಿಗೆ ಹೋದಾಗ ಡಾಕ್ಟರಮ್ಮ ತಾವಾಗಿಯೇ ಕೇಳಿದರು: "ಕೈ ಏನಾದ್ರೂ ನಡುಗುತ್ತಾ?"

"ಇಲ್ರಿ ಮೇಡಮ್ಮಾರೆ."

ನನ್ನ ಎರಡೂ ಕೈ ತೊಡೆಯ ಮೇಲಿದ್ದವು, ಟವೆಲ್ಲಿನ ಕೆಳಗೆ. ಯಾಕೆ ಸುಳ್ಳು ಹೇಳಿದೆ? ಎದುರಿಗೆ ಕುಳಿತವರಿಗೆ ನಮ್ಮ ದೌರ್ಬಲ್ಯ ತೋರಿಸಬಾರದು — ನಾನು ಕಲಿತದ್ದು ಅದೊಂದೇ. ಆಕೆಯನ್ನೂ ಕೊಳ್ಳುವವಳೆಂದೇ ಎಣಿಸಿದ್ದೆ. ನಡುಕ ಎಂದರೆ ಅದಕ್ಕೊಂದು ಹೊಸ ಮಾತ್ರೆ, ಮತ್ತೊಂದು ಪರೀಕ್ಷೆ. ಎಲ್ಲದರಲ್ಲೂ ಯಾರಿಗೋ ಕಮಿಷನ್. ಕಮಿಷನ್ನಿನಲ್ಲಿ ಬದುಕುವವನಿಗೆ ಎಲ್ಲ ಕಡೆ ಕಮಿಷನ್ನೇ ಕಾಣುತ್ತದೆ. ಅಂದು ಹೌದು ಎಂದಿದ್ದರೆ — ಪ್ರಮಾಣ ಬದಲಿಸುತ್ತಿದ್ದರು, ಬೇರೆ ದಾರಿ ನೋಡುತ್ತಿದ್ದರು. ಒಂದು ಹೌದು. ಅದನ್ನೂ ಬಿಟ್ಟುಕೊಡಲಿಲ್ಲ.

ಬಸ್ಸಿನಲ್ಲಿ ಬರುತ್ತ ತೀರ್ಮಾನ ಮಾಡಿದೆ. ಮಾತ್ರೆ ಸಾಕು.

ಟವೆಲ್ಲಿನ ಕೆಳಗೆ ಬೆರಳಾಡಿಸಿ ಬದುಕಿದವನಿಗೆ ಒಂದು ಮಾತ್ರೆ ಬಚ್ಚಿಡುವುದು ಎಷ್ಟರ ಕೆಲಸ? ಅವಳ ಅಂಗೈಯಿಂದ ತೆಗೆದು ಬಾಯಿಗೆ ಹಾಕಿಕೊಂಡಂತೆ ಮಾಡಿ, ಬೆರಳಸಂದಿಯಲ್ಲೇ ಉಳಿಸಿ, ನೀರು ಗಟಗಟ ಕುಡಿದು, ಟವೆಲ್ಲಿನಿಂದ ಬಾಯಿ ಒರೆಸುತ್ತಿದ್ದೆ. ಮಾತ್ರೆ ಟವೆಲ್ಲಿಗೆ, ಟವೆಲ್ಲಿನಿಂದ ಹಿತ್ತಲಿನ ಮೋರಿಗೆ. ರತ್ನಮ್ಮ ಖಾಲಿ ಲೋಟ ತೆಗೆದುಕೊಂಡು, ಸಮಾಧಾನದಿಂದ ಮೆಷಿನ್ನಿಗೆ ಮರಳುತ್ತಿದ್ದಳು. ಆ ಸಮಾಧಾನವನ್ನು ನೋಡಿ ನನಗೆ ಏನೂ ಅನ್ನಿಸಲಿಲ್ಲ. ಇಲ್ಲ — ಅನ್ನಿಸಿತು. ಗೆದ್ದೆ ಅನ್ನಿಸಿತು.

ಮೊದಮೊದಲು ಚೆನ್ನಾಗಿತ್ತು. ಸುಳ್ಳು ಯಾಕೆ, ಬಹಳ ಚೆನ್ನಾಗಿತ್ತು. ಬೆರಳು ಕಬ್ಬಿಣವಾದವು. ಬಾಷಾಭಾಯಿಯೇ, "ಏನ್ರಿ, ವಯಸ್ಸು ಹಿಂದಕ್ಕ ಹೊಂಟೈತಿ ನಿಮ್ದು!" ಎಂದ. ಮಾತ್ರೆ ನನ್ನನ್ನು ಬೀಜ ಒಡೆದ ಟಗರನ್ನಾಗಿ ಮಾಡಿ ಕೂರಿಸಿತ್ತು, ಈಗ ಕೋಡು ಮರಳಿ ಬಂತು ಎಂದುಕೊಂಡೆ. ನಿದ್ದೆ ಕಡಿಮೆಯಾಯಿತು, ಲಾಭವೇ ಎಂದುಕೊಂಡೆ. ಆಮೇಲೆ — ಯಾವಾಗಿನಿಂದ ಎಂದು ಹೇಳಲಾರೆ — ಎಲ್ಲರ ಮುಖದಲ್ಲೂ ಏನೋ ಕಾಣತೊಡಗಿತು. ಚಹಾದಂಗಡಿಯವನು ಯಾಕೆ ಅಷ್ಟು ಹೊತ್ತು ಲೋಟ ತೊಳೆಯುತ್ತಾನೆ? ರತ್ನಮ್ಮ ಫೋನಿನಲ್ಲಿ ತಮ್ಮನ ಜೊತೆ ಮಾತಾಡುವಾಗ ಯಾಕೆ ದನಿ ತಗ್ಗಿಸುತ್ತಾಳೆ? ನನ್ನ ಬೆಲೆಗಳು ಬಾಷಾಭಾಯಿಗೆ ಮೊದಲೇ ಹೇಗೆ ತಿಳಿಯುತ್ತವೆ? ಒಂದೊಂದೂ ಸಣ್ಣ ಸಂಶಯ. ಸಂಶಯದಲ್ಲೇ ಅನ್ನ ದುಡಿದವನಿಗೆ ಇದು ಕಾಯಿಲೆ ಎಂದು ಹೇಗೆ ಗೊತ್ತಾಗಬೇಕು? ಅದು ನನಗೆ ಜಾಣತನದ ಹಾಗೆಯೇ ಕಂಡಿತು.

ಒಂದು ಸಂತೆಯಲ್ಲಿ, ಬೆಲೆ ನಡೆಯುತ್ತಿರುವಾಗಲೇ, ನಾನು ಟವೆಲ್ಲನ್ನು ಕಿತ್ತೆಸೆದೆ.

ನಮ್ಮವರಿಗೆ ಇದರ ಅರ್ಥ ಗೊತ್ತು. ಮದುವೆಯ ಮಧ್ಯೆ ಅಂತರಪಟ ಹರಿದ ಹಾಗೆ. ಬಾಷಾಭಾಯಿಯ ಬೆರಳುಗಳು ನನ್ನ ಬೆರಳುಗಳನ್ನು ಹಿಡಿದದ್ದನ್ನು ಇಡೀ ಸಂತೆ ಬೆಳಕಿನಲ್ಲಿ ನೋಡಿತು. "ನೋಡ್ರಿ ಕಳ್ಳನ ಕೈ! ನನ್ನ ಹೇಣ್ತಿ ಹೇಳಿಕೊಟ್ಟ ಬೆಲಿ ಇದು!" ಎಂದು ನಾನು ಕೂಗುತ್ತಿದ್ದೆ. ಯಾರೋ ತೆಲುಗಿನಲ್ಲಿ, "ಏಮೈಂದನ್ನಾ ನೀಕು?" ಎಂದು, ನನಗೆ ಏನಾಯಿತೆಂದು, ಕೇಳುತ್ತಿದ್ದರು. ಬಾಷಾಭಾಯಿ ಬಿದ್ದ ಟವೆಲ್ಲನ್ನು ಎತ್ತಿ, ಧೂಳು ಝಾಡಿಸಿ, ಮಡಿಚಿ ನನ್ನ ಹೆಗಲ ಮೇಲೆ ಹಾಕಿದ. ಅದಾದ ಮೇಲೆ ಅವನು ನನಗೆ ಕೈ ಕೊಟ್ಟಿಲ್ಲ.

ಅಲ್ಲಿಂದ ನೇರ ಮಡಕಶಿರಾಕ್ಕೆ ಹೋದೆ. ರತ್ನಮ್ಮನ ತಮ್ಮ ನಾಗರಾಜನ ಹುಳುಮನೆಗೆ ಕಾಲು ತೊಳೆಯದೆ ಯಾರೂ ಒಳಗೆ ಹೋಗುವುದಿಲ್ಲ. ಹುಳುಗಳಿಗೆ ಬೇಗ ರೋಗ ತಗಲುತ್ತದೆ. ನಾನು ಕುರಿ ಹಿಕ್ಕೆ ಮೆತ್ತಿದ ಚಪ್ಪಲಿಯಲ್ಲೇ ನುಗ್ಗಿದೆ. ಅವನು ನನ್ನಿಂದ ಏನನ್ನೋ ಅಡಗಿಸಿದ್ದಾನೆ ಎಂದು ನಂಬಿದ್ದೆ — ಏನನ್ನು ಎಂದು ಇಂದಿಗೂ ಗೊತ್ತಿಲ್ಲ. ತಟ್ಟೆಗಳನ್ನು ಒಂದೊಂದಾಗಿ ಎಳೆದು ಕೆಡವಿದೆ. ಹಣ್ಣಾಗಿ ಗೂಡು ಕಟ್ಟಲು ಬಂದಿದ್ದ ಹುಳುಗಳು ನೆಲದ ಮೇಲೆ, ನನ್ನ ಕಾಲ ಕೆಳಗೆ.

"ಬಾವ, ಬ್ಯಾಡ ಬಾವ, ನಿಮ್ ಕಾಲಿಗ್ ಬೀಳ್ತೀನಿ, ಅವು ನಾಳೆ ಗೂಡಿಗೋಗೋ ಉಳ..." ನಾಗರಾಜ ನನ್ನನ್ನು ಹಿಡಿಯಲಿಲ್ಲ, ಬೈಯಲಿಲ್ಲ. ಹುಳುಗಳನ್ನು ಅಂಗೈಯಲ್ಲಿ ಬಳಿದು ಎತ್ತಿಕೊಳ್ಳುತ್ತಿದ್ದ.

ಆಸ್ಪತ್ರೆಗೆ ಸೇರಿಸಿದರು. ಕೆಲವು ವಾರಗಳಲ್ಲಿ ತಲೆ ತಿಳಿಯಾಯಿತು. ಇಲ್ಲಿಯವರೆಗಿನದ್ದಕ್ಕೆ ಬೇಕಾದರೆ ಕಾಯಿಲೆಯನ್ನು ದೂರಿ. ಮುಂದಿನದ್ದು ಕಾಯಿಲೆಯದ್ದಲ್ಲ.

ಒಂದು ಮಧ್ಯಾಹ್ನ ಮಂಚದ ಸುತ್ತ ಮೂವರಿದ್ದರು — ಡಾಕ್ಟರಮ್ಮ, ನನ್ನ ಅಕ್ಕ ಹನುಮಕ್ಕ, ರತ್ನಮ್ಮ. ಸೇರಿಸಿದ ದಿನ ರಕ್ತದಲ್ಲಿ ಮಾತ್ರೆಯ ಅಂಶವೇ ಇರಲಿಲ್ಲ, ಏನಾಗಿತ್ತು ಎಂದು ಡಾಕ್ಟರಮ್ಮ ಕೇಳಿದರು. ಬೈಯುವ ದನಿಯಲ್ಲ, ಮುಂದೆ ಏನು ಕೊಡಬೇಕೆಂದು ತಿಳಿಯಲು ಕೇಳಿದ್ದು. ಅಕ್ಕ ಥಟ್ಟನೆ ರತ್ನಮ್ಮನ ಕಡೆ ತಿರುಗಿದಳು. "ಡಬ್ಬಿ ನಿನ್ನ ಕೈಯಾಗ ಇತ್ತಲ್ಲವ್ವ. ಪ್ಯಾಂಟ್ ಹೊಲಿಯೋದ್ರಾಗ ಗಂಡನ್ನ ಮರ್ತ್ಯೇನು?"

ರತ್ನಮ್ಮ ನನ್ನನ್ನು ನೋಡಿದಳು. ನಾನು ಹೇಳುತ್ತೇನೆಂದು ಕಾದಳು. ಇಲ್ಲ, ದಿನವೂ ಕೊಟ್ಟಿದ್ದಾಳೆ ಎಂದು ಹೇಳಿದರೆ ಸಾಕಿತ್ತು. ಆದರೆ ಹಾಗೆಂದರೆ ಮುಂದಿನ ಪ್ರಶ್ನೆ ನನಗೆ. ನನ್ನ ತಲೆ ಆಗ ಎಷ್ಟು ತಿಳಿಯಾಗಿತ್ತೆಂದರೆ, ನಾನು ಕೂಡಿಸಿ ಕಳೆದೆ. ಒಪ್ಪಿಕೊಂಡರೆ ಇನ್ನು ಮುಂದೆ ಮನೆಯಲ್ಲಿ ನನ್ನ ಯಾವ ಮಾತಿಗೂ ಬೆಲೆಯಿಲ್ಲ. ಒಪ್ಪದಿದ್ದರೆ —

"ಹೊಲಿಗಿ ಕೆಲಸ ಬಾಳ ಇತ್ತು ಆಗ," ಎಂದೆ. "ಕಡೀಕ ಮರ್ತೇ ಬಿಟ್ಟಿರಬೇಕು, ಪಾಪ."

ಆ 'ಪಾಪ'ವನ್ನೂ ಸೇರಿಸಿದೆ. ಸರಕು ಸಾಗುವುದು ಅಂಥ ಒಂದು ಮಾತಿನಿಂದಲೇ.

ರತ್ನಮ್ಮ ತನ್ನ ಅಂಗೈಯನ್ನೇ ನೋಡಿಕೊಂಡಳು. "ಕೊಟ್ಟಂಗೇ ಗ್ಯಾಪ್ಕ..." ಎಂದಳು. ಆಮೇಲೆ, "ಮರ್ತಿರ್ಬೌದು. ನಂಗೊತ್ತಿಲ್ಲ."

ಅವಳು ಜಗಳವಾಡಿದ್ದರೆ, ಸುಳ್ಳುಗಾರ ಎಂದಿದ್ದರೆ, ನಾನು ಹೇಗೋ ನಿಭಾಯಿಸುತ್ತಿದ್ದೆ. ಅವಳು ನನ್ನನ್ನು ನಂಬಿ ತನ್ನ ನೆನಪನ್ನು ಬಿಟ್ಟುಕೊಟ್ಟಳು.

ಡಬ್ಬಿ ಅಕ್ಕನ ಕೈಗೆ ಹೋಯಿತು. ಪಕ್ಕದ ಮನೆಯಿಂದ ದಿನವೂ ಬಂದು, ರತ್ನಮ್ಮನ ಎದುರಿಗೇ ನನಗೆ ಮಾತ್ರೆ ಕೊಟ್ಟು, ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ನಾಗರಾಜ ನಮ್ಮ ಮನೆಗೆ ಬರುವುದು ನಿಂತಿತು. ನಾನು ಮಾತ್ರೆ ನುಂಗಿದೆ, ಹುಷಾರಾದೆ, ನಿಧಾನವಾಗಿ ಕೆಲವರು ಮತ್ತೆ ಕೈ ಕೊಟ್ಟರು. ಈಗ ಅರ್ಧ ವ್ಯಾಪಾರ ಫೋನಿನಲ್ಲಿ, ಫೋಟೋ ಕಳಿಸಿ ನಡೆಯುತ್ತದೆ. ನಡುಕ ಯಾರಿಗೂ ಕಾಣುವುದಿಲ್ಲ.

ಆದರೆ ರತ್ನಮ್ಮ — ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ನಿಂತು, ಮರಳಿ ಬಂದು ಬೀಗ ಎಳೆದು ನೋಡುವಳು. ಮತ್ತೆ ಹೋಗಿ, ಮತ್ತೆ ಬರುವಳು. ಗ್ಯಾಸಿನ ನಾಬ್ ಮುಟ್ಟಿ ಮುಟ್ಟಿ ನೋಡುವಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಪಕ್ಕದ ಮನೆಯ ಮಗುವಿಗೆ ರುಚಿ ತೋರಿಸುವಳು. ಹೊಲಿದ ಪ್ಯಾಂಟುಗಳ ಬೆಲ್ಟಿನ ಪಟ್ಟಿ ಬಿಟ್ಟುಹೋಗಿದೆಯೇನೋ ಎಂದು ಕಟ್ಟಿದ ಗಂಟನ್ನು ಬಿಚ್ಚುವಳು. ಯಾರಾದರೂ ಏನಾದರೂ ಕೇಳಿದರೆ ಒಂದೇ ಉತ್ತರ: "ನನ್ನ ನಂಬ್ಕಬ್ಯಾಡ್ರಪ್ಪ, ನಾನು ಮರ್ಯೋ ಎಂಗ್ಸು." ನಗುತ್ತಲೇ ಹೇಳುತ್ತಿದ್ದಳು. ಊರನ್ನೆಲ್ಲ ಸಂಶಯಿಸಿದವನು ನಾನು. ತನ್ನನ್ನೇ ಸಂಶಯಿಸುವಂತಾದವಳು ಅವಳು. ನನ್ನ ರೋಗಕ್ಕೆ ಮಾತ್ರೆ ಇತ್ತು. ಅವಳಿಗೆ ಅಂಟಿಸಿದ್ದಕ್ಕೆ ಇದ್ದದ್ದು ನನ್ನ ಒಂದು ಮಾತು, ಅದನ್ನು ಬಾಯೊಳಗೇ ಇಟ್ಟುಕೊಂಡೆ.

ಈ ವರ್ಷ ಅಕ್ಕನ ಕಣ್ಣು ಮಂಜಾದವು. ಮಾತ್ರೆ ಯಾವುದು, ಕಡಲೆಬೀಜ ಯಾವುದು ಕಾಣುವುದಿಲ್ಲವೆಂದು ಡಬ್ಬಿ ತಂದು ನಮ್ಮ ಅಡುಗೆಮನೆಯ ಹಲಗೆಯ ಮೇಲಿಟ್ಟಳು. "ಇನ್ನ ನೀನ ನೋಡ್ಕಳವ್ವ, ಮರೀಬ್ಯಾಡ ಮತ್ತ." ರತ್ನಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ ಅತ್ಗೆಮ್ಮ. ಯಾರಿಗಾನ ಕೊಡಿ. ಮತ್ತೆ ಏನಾರ ಆದ್ರೆ ನಾನು ತಡ್ಕಣಾಕಾಗಲ್ಲ."

ಡಬ್ಬಿ ಹಲಗೆಯ ಮೇಲೇ ಉಳಿಯಿತು. ಯಾರ ಕೈಯಲ್ಲೂ ಇಲ್ಲ. ಅಂದು ಮಧ್ಯಾಹ್ನ ನಾನು ಅದರ ಮುಂದೆ ನಿಂತೆ, ಹಳೆಯ ಸಂಶಯಗಳು ಒಂದೊಂದಾಗಿ ಬಂದವು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ, ಕಾಯಿಲೆ ನಿಜವಾಗಿಯೂ ಇದೆಯೇ? ಡಾಕ್ಟರಮ್ಮ ಈಚೆಗೆ ಮೂತ್ರಪಿಂಡದ ಪರೀಕ್ಷೆಯನ್ನೂ ಯಾಕೆ ಬರೆಯುತ್ತಾರೆ — ಈ ಮಾತ್ರೆಯೇ ತಿನ್ನುತ್ತಿದೆಯೇ? ಬಾಷಾಭಾಯಿ ಮತ್ತೆ ಕೈ ಕೊಟ್ಟರೆ, ಈ ನಡುಗುವ ಬೆರಳನ್ನು ಕೊಡಲೇ? ನಿಲ್ಲಿಸಿದರೆ ಗೊತ್ತಾಗುವುದಾದರೂ ಯಾರಿಗೆ? ನಿಲ್ಲಿಸಿ, ಆಮೇಲೆ ಏನಾದರೂ ಆದರೆ —

ಆದರೆ, ರತ್ನಮ್ಮ ಇದ್ದಾಳಲ್ಲ. ಮರೆಯುವ ಹೆಂಗಸು.

ನಾನೇ ಯೋಚಿಸಿದ್ದು ಇದನ್ನು. ಯಾವ ಉನ್ಮಾದವೂ ಇಲ್ಲದೆ, ಹೊಟ್ಟೆ ತುಂಬ ಉಂಡು, ಎಚ್ಚರವಾಗಿ ನಿಂತು. ಎಷ್ಟು ಸಲೀಸಾಗಿ ಬಂತೆಂದರೆ, ಆ ಮಾತನ್ನು ಇಷ್ಟು ವರ್ಷ ಮುಂದಿನ ಸಲಕ್ಕೆಂದೇ ಎತ್ತಿಟ್ಟಿದ್ದೆನೇನೋ ಅನ್ನಿಸಿತು. ಜೀವಮಾನವೆಲ್ಲ ಎದುರಿನವನ ಕೈ ನೋಡಿದವನು ಅಂದು ನನ್ನ ಕೈ ನೋಡಿಕೊಂಡೆ. ನಡುಗುತ್ತಿತ್ತು.

ಮೆಷಿನ್ನಿನ ಹತ್ತಿರ ಹೋಗಿ ನಿಂತು ಹೇಳಿದೆ. ಬೆರಳಸಂದಿ, ಟವೆಲ್ಲು, ಮೋರಿ, ಆಸ್ಪತ್ರೆಯ ಮಂಚ — ಎಲ್ಲ. ಮೆಷಿನ್ ನಿಂತಿತು. ಅವಳು ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಉತ್ತರ ಸಿದ್ಧವಿತ್ತು. ಅವಳು ಕೇಳಿದ್ದು ಬೇರೆ.

"ಅಂಗಾರೆ... ನಾನು ದಿನಾ ಕೊಟ್ಟಿದ್ದೆ?"

"ದಿನಾ ಕೊಟ್ಟಿದ್ದಿ."

"ಒಂದಿನಾನೂ ಮರ್ತಿರ್ಲಿಲ್ಲ?"

"ಇಲ್ಲ."

ಸೂಜಿಯ ಕೆಳಗಿನ ಬಟ್ಟೆಯನ್ನು ತೆಗೆದು ಮಡಿಚಿಟ್ಟಳು. "ಮಡಕಶಿರಾಕ್ಕೆ ನಡೀರಿ," ಎಂದಳು. "ನನ್ ತಮ್ಮನ್ ಮುಂದೆ ಹೇಳಿ. ಉಳಮನೆ ಬಾಗ್ಲಾಗೆ ನಿಂತ್ಕಂಡು ಹೇಳಿ. ಕಾಲು ತೊಳ್ಕಂಡು."

ಹೋದೆ. ಕಾಲು ತೊಳೆದುಕೊಂಡೆ. ಹೇಳಿದೆ. ನಾಗರಾಜ ಪೂರ್ತಿ ಕೇಳಿ, ರತ್ನಮ್ಮನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದ. ನನಗೆ ಜಗಲಿಗೇ ಚಹಾ ಬಂತು. ಅದು ನನಗೆ ನ್ಯಾಯವಾಗಿಯೇ ಕಂಡಿತು. ಮರಳಿ ಬಂದ ಮೇಲೆ ಅಕ್ಕ ಹನುಮಕ್ಕನಿಗೂ ಹೇಳಿದೆ. ಅವಳು ಮಂಜುಗಣ್ಣಿನಲ್ಲಿ ರತ್ನಮ್ಮ ಎಲ್ಲಿದ್ದಾಳೆಂದು ತಡಕಾಡಿದಳು. ಬಳ್ಳಾರಿಯಲ್ಲಿ ಟವೆಲ್ಲನ್ನು ಪಕ್ಕಕ್ಕಿಟ್ಟು ಎರಡೂ ಕೈಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. "ನಡುಗ್ತಾವ್ರಿ. ಮೊದಲಿಂದ್ಲೂ." ಅವರು ನೋಡಿ, ಪ್ರಮಾಣ ಸ್ವಲ್ಪ ಇಳಿಸಿದರು, ನಡುಕಕ್ಕೆಂದು ಇನ್ನೊಂದು ಸಣ್ಣ ಮಾತ್ರೆ ಬರೆದರು, ಮೂತ್ರಪಿಂಡದ ಪರೀಕ್ಷೆ ಯಾಕೆಂದು ಬಿಡಿಸಿ ಹೇಳಿದರು, ಅಗತ್ಯ ಬಿದ್ದರೆ ಮಾತ್ರೆಯನ್ನೇ ಬದಲಿಸಬಹುದು, ಆದರೆ ಕೇಳಿ, ನಿಧಾನವಾಗಿ, ಎಂದರು. ಈಗ ನಡುಕ ಕಡಿಮೆಯಿದೆ, ಪೂರ್ತಿ ಹೋಗಿಲ್ಲ. ಬಾಷಾಭಾಯಿಯ ಅಂಗಡಿಯ ಮುಂದೆ ಇನ್ನೂ ತಲೆ ತಗ್ಗಿಸಿಯೇ ಹೋಗುತ್ತೇನೆ; ಅವನಿಗೂ, ಗುಮ್ಮಘಟ್ಟದ ಆ ಕುರುಬನಿಗೂ ಹೇಳುವುದು ಬಾಕಿ ಇದೆ.

ಬುದ್ಧಿ ಹೇಳುವ ಚಟ ನನ್ನನ್ನು ಬಿಟ್ಟಿಲ್ಲ, ಒಂದನ್ನು ಹೇಳುತ್ತೇನೆ. ಮಾತ್ರೆ ನಿಲ್ಲಿಸಬೇಕು ಅನ್ನಿಸಿದರೆ ಬರೆದುಕೊಟ್ಟವರ ಮುಂದೆ ಹೋಗಿ ಹಾಗೆಂದು ಹೇಳಿ, ಜಗಳ ಬೇಕಾದರೂ ಆಡಿ. ಟವೆಲ್ಲಿನ ಕೆಳಗೆ ಮಾತ್ರ ತೀರ್ಮಾನ ಮಾಡಬೇಡಿ. ಇಷ್ಟು ಹೇಳುವ ಯೋಗ್ಯತೆ ನನಗಿದೆಯೇ — ಅದನ್ನೂ ಸಂಶಯಿಸಿ. ಈ ಬರಹವನ್ನೂ.

ರತ್ನಮ್ಮ ನನ್ನನ್ನು ಕ್ಷಮಿಸಿದ್ದಾಳೆಯೇ ಎಂದು ಕೇಳಿಲ್ಲ. ಕೇಳಿದರೆ ಅದೂ ಒಂದು ಚೌಕಾಸಿಯಾಗುತ್ತದೆ. ಮೊನ್ನೆ ಹೊಲಿದ ಪ್ಯಾಂಟುಗಳ ಗಂಟನ್ನು ಆಟೋಗೆ ಹಾಕಲು ಹೊರಟಳು. ಬೀಗ ಹಾಕಿದಳು. ನಾನು ಎದುರಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ತಿರುವಿನಲ್ಲಿ ಅವಳ ಹೆಜ್ಜೆ ಒಂದಿಷ್ಟು ತಡೆಯಿತು. ಆಮೇಲೆ ಹಿಂದಿರುಗಿ ನೋಡದೆ ಹೋದಳು.

ಡಬ್ಬಿ ಮತ್ತೆ ಅವಳ ಕೈಯಲ್ಲಿದೆ. ಊಟವಾದ ಮೇಲೆ ಮಾತ್ರೆ ಕೊಡುತ್ತಾಳೆ, ನೀರು ಕೊಡುತ್ತಾಳೆ. ಮೊದಲಿನಂತೆ ಮೆಷಿನ್ನಿಗೆ ಮರಳುವುದಿಲ್ಲ. ನನ್ನ ಎರಡೂ ಕೈಯನ್ನು ಬಿಡಿಸಿ ನೋಡುತ್ತಾಳೆ, ಟವೆಲ್ಲು ಝಾಡಿಸಿ ನೋಡುತ್ತಾಳೆ. ಆಮೇಲೆ ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ, ಸಂತೆಯಲ್ಲಿ ನಾನು ಕುರಿಯನ್ನು ಹಿಡಿಯುವಂತೆಯೇ, "ಎಲ್ಲಿ, ಆ ಅನ್ನಿ," ಎನ್ನುತ್ತಾಳೆ.

ನಾನು ಬಾಯಿ ತೆರೆಯುತ್ತೇನೆ.